ನವಲಗುಂದದ ಹಾದಿಯಲ್ಲಿ ಒಂದು ಸರಕಾರಿ ಪ್ರೌಢಶಾಲೆ

ಹುಬ್ಬಳ್ಳಿಯಿಂದ ಈಶಾನ್ಯಕ್ಕೆ ನವಲಗುಂದದ ಹಾದಿ ಹಿಡಿದು, ಕುಸುಗಲ್ಲನ್ನು ಹಿಂದೆ ಹಾಕಿದ ಮೇಲೆ, ಪ್ರಯಾಣಿಕನ ಕಣ್ಣಿಗೆ ಅಡ್ಡ ಬರತಕ್ಕ ವಸ್ತು ಯಾವದೂ ಇರುವದಿಲ್ಲ. ಅದೇ ಧಾರವಾಡ ಜಿಲ್ಲೆಯ ಪಡುವಣ ಸೆರಗಿನಲ್ಲಿ ಕೆಂಪು ಮಣ್ಣು, ಮಾವಿನ ತೋಪು, ಭತ್ತದ ಗದ್ದೆಗಳಿವೆ. ಇಲ್ಲಿಯಾದರೋ ದಿಗಂತದ ವರೆಗೆ ಎರೆಯ ಕರಿನೆಲವೇ ಹಾಸಿಕೊಂಡಿದೆ. ಮುಂಗಾರಿಗೆ ಹೆಸರು, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿಗೆ ಕಡಲೆ, ಗೋದಿ, ಬಿಳಿಜೋಳ. ಮರಗಳು ವಿರಳ. ನವಲಗುಂದಕ್ಕೆ ಹೋಗುವ ಜನರು ಅಲ್ಲಿಯ ಹೆಣ್ಣುಮಕ್ಕಳು ನೇಯುವ ಜಮಖಾನೆಗಳನ್ನು ಕೊಳ್ಳಲು ಹೋಗುವರು. ಹೋಳಿಯ ಕಾಮಣ್ಣನಿಗೆ ಹರಕೆ ತೀರಿಸಲು ಹೋಗುವರು. ೧೯೮೦ರಲ್ಲಿ ಇಲ್ಲಿ ಹುಟ್ಟಿದ ರೈತರ ಚಳವಳಿಯ ನೆನಪಿಗಾಗಿಯೂ ಕೆಲವರು ಹೋಗುವರು. ನಾನು ೨೦೨೫ರ ಜೂನ್ ತಿಂಗಳ ಮೊದಲ ವಾರದಲ್ಲಿ ಹೋದದ್ದು ಒಂದು ಶಾಲೆಯನ್ನು ನೋಡುವದಕ್ಕಾಗಿ.

ಕಾರಣವಿಷ್ಟೆ. ಆ ತಾಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ನನ್ನ ತಮ್ಮನು ಒಕ್ಕಲುತನ ಮಾಡಿಕೊಂಡಿರುವನು. ಅವನ ಮಗಳು ಊರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೆಯ ತರಗತಿಯನ್ನು ಮುಗಿಸಿದ್ದಳು. ಎಂಟನೆಯದಕ್ಕೆ ಊರಲ್ಲಿ ಶಾಲೆಯಿಲ್ಲ. ಆರು ಕಿಲೋಮೀಟರಿನಾಚೆಯ ದೊಡ್ಡ ಊರಿನಲ್ಲಿ ಸರಕಾರಿ ಪ್ರೌಢಶಾಲೆಯಿದೆ. ಅದಕ್ಕೂ ಮುಂದೆ, ಪೇಟೆಯಲ್ಲಿ, ಖಾಸಗಿ ಶಾಲೆಯೊಂದಿದೆ. ಈ ಎರಡರಲ್ಲಿ ಯಾವದೆಂದು ತಿಳಿಯದೆ ಅವನು ನನಗೆ ಫೋನು ಮಾಡಿದನು. "ಅಣ್ಣಾ, ನೀ ಒಮ್ಮೆ ಬಂದು ಕಣ್ಣಿಂದ ನೋಡಿಬಿಡು. ಪೇಟಿ ಸಾಲ್ಯಾಗ ನೂರಕ್ಕ ನೂರು ಅಂತ ಬೋರ್ಡ್ ಹಾಕ್ಯಾರ. ಅಲ್ಲಿಗೆ ಹಾಕೂದಾದ್ರ ಎರಡೆಕರೆ ಲಾವಣಿಗೆ ಕೊಡಬೇಕಾಕ್ಕೈತಿ."

ಎರಡೆಕರೆ ಹೊಲವನ್ನು ಲಾವಣಿಗೆ ಕೊಡುವದೆಂದರೆ ಒಂದು ವರುಷದ ಮಾತಲ್ಲ, ಮೂರು ವರುಷದ ಮಾತು. ಹಿಂದಿನ ಹಂಗಾಮಿನಲ್ಲಿ ಹೆಸರು ಕೊಯ್ಲಿಗೆ ಬಂದಾಗ ಮಳೆ ಹಿಡಿದು ಕಾಯಿ ಹೊಲದಲ್ಲಿಯೇ ಮೊಳೆತುಹೋದದ್ದನ್ನು ನಾನು ಬಲ್ಲೆನು. ಆದುದರಿಂದ ಮರುದಿನವೇ ಹೊರಟೆನು.

ರಾತ್ರಿ ಮಾಳಿಗೆಯ ಮನೆಯಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ, ಕೆಂಪು ಖಾರ, ಮೊಸರಿನ ಊಟವಾಯಿತು. ಈ ಭಾಗದ ನೀರಿನ ವಿಷಯವನ್ನು ವಾಚಕರು ಇಲ್ಲಿಯೇ ಗಮನಿಸಬೇಕು, ಮುಂದೆ ಅದು ನಮ್ಮ ಶಾಲೆಯ ಕಥೆಯೊಳಗೂ ಬರುವದು. ಭೂಮಿಯೊಳಗಿನ ನೀರು ಇಲ್ಲಿ ಬಹುತರವಾಗಿ ಸವಳು. ಕೊಳವೆಬಾವಿ ತೋಡಿದರೂ ಬಾಯಿಗಿಡಲು ಬರುವದಿಲ್ಲ. ಕುಡಿಯುವದೆಲ್ಲ ಕೆರೆಯ ನೀರು. ಆ ಕೆರೆಗಳನ್ನು ಮಳೆಯೂ ಮಲಪ್ರಭೆಯ ಕಾಲುವೆಯೂ ತುಂಬಬೇಕು. ಊಟದ ತರುವಾಯ ಶಾಲೆಯ ಮಾತು ಬಂದಿತು. ನಮ್ಮ ತಾಯಿ, ಎಂಬತ್ತು ದಾಟಿದವಳು, ಗೋಡೆಗೆ ಒರಗಿ ಕುಳಿತು, "ಏಳನೇತ್ತಾ ಮುಗಿಸ್ಯಾಳಲ್ಲ, ಇನ್ನೇನ ಬೇಕು?" ಅಂದಳು. ಆಕೆಯ ಎಣಿಕೆ ಆಕೆಯ ಕಾಲದ್ದು. ಮುಂಬಯಿ ಇಲಾಖೆಯ ಕಾಲದಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯನ್ನು ಗೆದ್ದವನು ಕನ್ನಡ ಶಾಲೆಯ ಮಾಸ್ತರನಾಗಬಲ್ಲವನಾಗಿದ್ದನು. ಈಗ ಏಳನೆಯದು ಅರ್ಧ ದಾರಿ. ಹುಡುಗಿ ಏನೂ ಮಾತಾಡಲಿಲ್ಲ. ಎದ್ದು ಹೋಗಿ ತನ್ನ ವರ್ಗಾವಣೆ ಪತ್ರವನ್ನು ತಂದು ನನ್ನ ಕೈಗೆ ಕೊಟ್ಟಳು.

ನವೋದಯ ವಿದ್ಯಾಲಯಕ್ಕೆ ಯಾಕೆ ಹಾಕಲಿಲ್ಲವೆಂದು ಯಾರಾದರೂ ಕೇಳಿಯಾರು. ಜಿಲ್ಲೆಗೊಂದರಂತಿರುವ ಆ ಶಾಲೆಗಳಲ್ಲಿ ಮುಖ್ಯವಾದ ಪ್ರವೇಶವು ಆರನೆಯ ತರಗತಿಗೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿಯೂ, ಆದರ್ಶ ವಿದ್ಯಾಲಯಗಳಲ್ಲಿಯೂ ಹಾಗೆಯೇ. ಮಗುವು ಐದನೆಯದರಲ್ಲಿರುವಾಗಲೇ ಅರ್ಜಿ ಕೊಟ್ಟು ಪರೀಕ್ಷೆಗೆ ಕೂಡ್ರಿಸಬೇಕು. ಇದು ಗೊತ್ತಾಗುವಷ್ಟರಲ್ಲಿ ನಮ್ಮ ಹಳ್ಳಿಗಳಲ್ಲಿ ಮಗುವು ಏಳನೆಯದಕ್ಕೆ ಬಂದಿರುವದು. ನಮ್ಮಲ್ಲಿಯೂ ಹಾಗೆಯೇ ಆಯಿತು. ತಪ್ಪು ತಮ್ಮನದಲ್ಲ, ಪಟ್ಟಣದಲ್ಲಿದ್ದೂ ಹೇಳದ ನನ್ನದು.

ಮರುದಿನ ಮುಂಜಾನೆ ತಮ್ಮನು, ಹುಡುಗಿ, ನಾನು ಮೂವರೂ ಹೊರಟೆವು. ಊರಿನ ಮುಂದೆ ಎಂಟೂವರೆಗೆ ಬರುವ ಬಸ್ಸು ಒಂಬತ್ತಕ್ಕೆ ಬಂದಿತು. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯ ಮೂಲಕ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೀಟಿಲ್ಲವಾದ್ದರಿಂದ, ಅಲ್ಲಿ ನಿಂತ ಹುಡುಗಿಯರ ಗುಂಪು ಗಂಡುಹುಡುಗರ ಗುಂಪಿಗಿಂತ ದೊಡ್ಡದಾಗಿದ್ದಿತು. ಆದರೆ ಬಸ್ಸು ಹೋಗಲು ಒಂದು, ಬರಲು ಒಂದು. ಅದು ತಪ್ಪಿದರೆ ಆರು ಕಿಲೋಮೀಟರ್ ನಡಿಗೆ. ೨೦೦೬ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರದವರು ಕೊಡುತ್ತಿದ್ದ ಸೈಕಲ್ಲುಗಳು ಕೋವಿಡ್ ವರ್ಷಗಳಿಂದೀಚೆಗೆ ನಿಂತಿದ್ದವು. ಹಳೆಯ ಸೈಕಲ್ಲುಗಳಲ್ಲಿ ಒಂದೆರಡು ಇನ್ನೂ ಆ ರಸ್ತೆಯ ಮೇಲೆ ಓಡುತ್ತಿರುವದನ್ನು ಕಂಡೆವು. ಅವುಗಳ ಮೇಲೆ ಈಗ ಹಾಲಿನ ಕ್ಯಾನು ಸಾಗುತ್ತಿದ್ದಿತು.

ಮೊದಲು ಪೇಟೆಯ ಖಾಸಗಿ ಶಾಲೆಗೆ ಹೋದೆವು. ಅದರ ವರ್ಣನೆಗೆ ಬಹಳ ಮಾತು ಬೇಡ. ಬಣ್ಣ ಹೊಸದು, ಬಾಗಿಲಲ್ಲಿ ಫಲಕ, ಫಲಕದಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳ ಭಾವಚಿತ್ರ, ಕೆಳಗೆ ನೂರಕ್ಕೆ ನೂರು ಎಂಬ ದೊಡ್ಡ ಅಕ್ಷರ. ಕಚೇರಿಯಲ್ಲಿ ಕುಳಿತವರು ವಿನಯದಿಂದಲೇ ಶುಲ್ಕದ ಪಟ್ಟಿಯನ್ನು ಕೊಟ್ಟರು. ವಾಹನದ ಶುಲ್ಕ ಬೇರೆ. ತರಗತಿಗಳನ್ನು ನೋಡಬಹುದೇ ಎಂದು ಕೇಳಿದ್ದಕ್ಕೆ ಪ್ರವೇಶವಾದ ಮೇಲೆ ಪಾಲಕರ ಸಭೆಯಲ್ಲಿ ನೋಡಬಹುದೆಂದರು. ಹುಡುಗಿಗೆ ಒಂದು ಸಣ್ಣ ಪರೀಕ್ಷೆ ಇಡುವೆವೆಂದೂ ಹೇಳಿದರು. ೨೦೦೯ರ ಶಿಕ್ಷಣ ಹಕ್ಕಿನ ಕಾಯ್ದೆಯಂತೆ ಎಂಟನೆಯ ತರಗತಿಯ ವರೆಗೆ ಪ್ರವೇಶಕ್ಕಾಗಿ ಮಗುವನ್ನು ಪರೀಕ್ಷಿಸಕೂಡದು. ನಾನು ಅದನ್ನು ಹೇಳಲಿಲ್ಲ. ಕಾಗದವನ್ನು ಮಡಿಚಿಕೊಂಡು ಬಂದೆನು.

ಸರಕಾರಿ ಪ್ರೌಢಶಾಲೆಯು ದೊಡ್ಡ ಊರಿನ ಹೊರವಲಯದಲ್ಲಿ, ಹೊಲದ ಅಂಚಿನಲ್ಲಿದೆ. ದೂರದಿಂದಲೇ ಗೋಡೆಗಳ ಮೇಲಿನ ಬಿರುಕುಗಳು ಕಾಣಿಸಿದವು. ತಮ್ಮನು ಅದನ್ನು ನೋಡಿ ಮುಖ ಸಣ್ಣ ಮಾಡಿದನು. ಆದರೆ ಎರೆನಾಡಿನಲ್ಲಿ ಬಿರುಕಿಲ್ಲದ ಗೋಡೆ ಅಪರೂಪವೆಂಬದನ್ನು ಅವನೇ ನನಗಿಂತ ಚೆನ್ನಾಗಿ ಬಲ್ಲನು. ಈ ಮಣ್ಣು ಮಳೆಗಾಲದಲ್ಲಿ ನೀರುಂಡು ಉಬ್ಬುವದು, ಬೇಸಿಗೆಯಲ್ಲಿ ಒಣಗಿ ಕೈ ಇಳಿಯುವಷ್ಟು ಬಾಯಿ ಬಿಡುವದು. ತಳಪಾಯ ಆಳಕ್ಕೆ ಇಳಿಯದಿದ್ದರೆ ಮೇಲಿನ ಕಟ್ಟಡವೂ ಅದರೊಡನೆ ಏಳುವದು, ಬೀಳುವದು. ಆದುದರಿಂದ ಗೋಡೆಯ ಬಿರುಕನ್ನು ಕಂಡು ಬೆದರುವದಕ್ಕಿಂತ ಮೇಲೆ ನೋಡುವದು ಮೇಲು. ಮೇಲೆ ನೋಡಿದೆವು. ಎರಡು ಕೋಣೆಗಳ ಮಾಳಿಗೆ ಸೋರಿ ಕಲೆಯಾಗಿದ್ದಿತು. ಅವನ್ನು ಬೀಗ ಹಾಕಿ ಬಿಟ್ಟಿದ್ದರು, ಮಕ್ಕಳನ್ನು ಕೂಡ್ರಿಸಿರಲಿಲ್ಲ. ಹಾಗೆ ಬೀಗ ಹಾಕಿದ್ದರಿಂದ ಒಂಬತ್ತನೆಯ ತರಗತಿಯ ಎರಡು ವಿಭಾಗಗಳು ಒಂದೇ ಕೋಣೆಯಲ್ಲಿ ಇಕ್ಕಟ್ಟಾಗಿ ಕುಳಿತಿದ್ದವು. ಆಟದ ಬಯಲು ಮೊದಲ ಮಳೆಗೇ ಅರಲಾಗಿದ್ದಿತು.

ಹೆಡ್‌ಮಾಸ್ತರರು ಐವತ್ತು ದಾಟಿದ ಗೃಹಸ್ಥರು. ನಾವು ಪ್ರವೇಶಕ್ಕೆ ಬಂದವರೆಂದು ತಿಳಿದು ಕುರ್ಚಿ ಹಾಕಿಸಿದರು. ನಾನು ಮೂವತ್ತು ವರುಷ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದವನಾದ್ದರಿಂದ ದಾಖಲೆಯ ಪುಸ್ತಕ ಕಂಡರೆ ಕೈ ಸುಮ್ಮನಿರದು. "ಫಲಿತಾಂಶ ಎಷ್ಟ ಬಂದೈತ್ರಿ ಸರ?" ಎಂದು ತಮ್ಮನು ಕೇಳಿದನು. ಅವರು ಮರೆಮಾಚದೆ ಹೇಳಿದರು. ಅದು ರಾಜ್ಯದ ಸರಾಸರಿಗಿಂತ ತುಸು ಕೆಳಗಿದ್ದಿತು. ತಮ್ಮನು ನನ್ನ ಕಡೆಗೆ ನೋಡಿದನು.

ಇಲ್ಲಿ ಸರಾಸರಿಯ ವಿಷಯವಾಗಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆನು. ಹತ್ತನೆಯ ತರಗತಿಯ ಪರೀಕ್ಷೆಯು ಒಟ್ಟು ೬೨೫ ಅಂಕಗಳದು. ಮೊದಲ ಭಾಷೆಗೆ ೧೨೫, ಉಳಿದ ಐದು ವಿಷಯಗಳಿಗೆ ನೂರು ನೂರು. ನೂರರಲ್ಲಿ ಇಪ್ಪತ್ತು ಅಂಕಗಳನ್ನು ಶಾಲೆಯವರೇ ಆಂತರಿಕವಾಗಿ ಕೊಡುವರು. ೨೦೨೧ರಲ್ಲಿ, ಕೋವಿಡ್ಡಿನ ವರುಷ, ಬಹುಮಟ್ಟಿಗೆ ಇಡಿಯ ರಾಜ್ಯವೇ ತೇರ್ಗಡೆಯಾಯಿತು. ೨೦೨೩ರಲ್ಲಿ ನೂರಕ್ಕೆ ೮೩.೮೯ ಮಂದಿ ಪಾಸಾದರು. ೨೦೨೪ರಲ್ಲಿ ಪರೀಕ್ಷೆಯ ಕೋಣೆಗಳಿಗೆ ಕ್ಯಾಮರಾ ಇಟ್ಟು ದೂರದಿಂದ ಕಾವಲು ಮಾಡಿದರು. ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆಯೂ ಫಲಿತಾಂಶ ೭೩.೪೦ಕ್ಕೆ ಇಳಿಯಿತು. ೨೦೨೫ರ ಮೊದಲನೆಯ ಪರೀಕ್ಷೆಯಲ್ಲಿ ೬೬.೧೪ ಆಯಿತು. ನಾಲ್ಕು ವರುಷಗಳಲ್ಲಿ ಕನ್ನಡನಾಡಿನ ಮಕ್ಕಳ ಬುದ್ಧಿ ಇಷ್ಟು ಕುಗ್ಗಿತೆಂದು ಯಾರೂ ನಂಬಲಾರರು. ಅಳೆಯುವ ಕೊಳಗ ಬದಲಾಯಿತು, ಅಷ್ಟೆ. ಆದುದರಿಂದ ಒಂದು ಶಾಲೆಯ ಒಂದು ವರುಷದ ಅಂಕಿಯನ್ನು ಹಿಡಿದು ತೀರ್ಮಾನಕ್ಕೆ ಬರತಕ್ಕದ್ದಲ್ಲ. ಅದೇ ವರುಷದ ರಾಜ್ಯದ ಅಂಕಿಯ ಪಕ್ಕಕ್ಕೆ ಇಟ್ಟು, ನಾಲ್ಕಾರು ವರುಷದ್ದನ್ನು ಒಟ್ಟಿಗೆ ನೋಡಬೇಕು.

ಇಷ್ಟಾದರೂ ನನ್ನ ಸಂಶಯ ಹೋಗಲಿಲ್ಲ. "ಸರ, ಪ್ರವೇಶದ ರಜಿಸ್ಟರನ್ನು ಒಮ್ಮೆ ನೋಡಬಹುದೇ?" ಎಂದೆನು. ಅವರು ತುಸು ಹೊತ್ತು ನನ್ನ ಮುಖ ನೋಡಿ, ಕಪಾಟಿನಿಂದ ಅದನ್ನು ತೆಗೆದು ಮೇಜಿನ ಮೇಲೆ ಹರವಿದರು. ಎಂಟನೆಯ ತರಗತಿಗೆ ಸೇರಿದವರ ಹೆಸರುಗಳು ಜೂನ್ ಜುಲೈ ತಿಂಗಳಲ್ಲಿ ಸಾಲಾಗಿ ಇರುವದು ಸಹಜ. ಆದರೆ ಪುಟ ತಿರುವಿದಂತೆ, ಒಂಬತ್ತು ಹತ್ತನೆಯ ತರಗತಿಗಳಿಗೆ ನಡುವೆಯೇ ಬಂದು ಸೇರಿದವರ ಹೆಸರುಗಳು ಕಂಡವು. ಹಿಂದಿನ ಶಾಲೆ ಯಾವದೆಂಬ ಅಂಕಣವನ್ನು ಓದಿದೆನು. ನಾವು ಮುಂಜಾನೆ ನೋಡಿ ಬಂದ ಶಾಲೆಯ ಹೆಸರು ಅಲ್ಲಿ ಒಂದಲ್ಲ, ಎರಡಲ್ಲ, ವರುಷ ವರುಷವೂ ಇದ್ದಿತು.

"ಇವರು ಯಾಕೆ ಬಂದರು?" ಎಂದು ಕೇಳಿದೆನು.

"ಬಂದದ್ದಲ್ರಿ, ಕಳಿಸಿದ್ದು" ಎಂದರು ಹೆಡ್‌ಮಾಸ್ತರರು. "ಎಂಟನೇತ್ತಾ ಮುಗಿಯೂತನಕಾ ಯಾರನ್ನೂ ಹೊರಗ ಹಾಕಾಕ ಬರೂದಿಲ್ಲ. ಒಂಬತ್ತನೇತ್ತದಾಗ ಗಣಿತ ಹಿಂದ ಬಿದ್ರ, ಪಾಲಕರನ್ನ ಕರಸಿ ಸರ್ಟಿಫಿಕೀಟ್ ಕೈಯಾಗ ಕೊಡ್ತಾರ. ನಮಗ ಇಲ್ಲ ಅನ್ನಾಕ ಬರೂದಿಲ್ಲ. ಅನ್ನಬಾರದು ಕೂಡ."

ಆಗ ನನಗೆ ಫಲಕದ ಲೆಕ್ಕ ಬಿಡಿಸಿತು. ಕಾಯ್ದೆಯ ಕಾವಲು ಎಂಟನೆಯದರೊಂದಿಗೆ ಮುಗಿಯುವದು. ಜರಡಿ ಹಿಡಿಯುವದು ಒಂಬತ್ತನೆಯದರಲ್ಲಿ. ನೂರು ಮಕ್ಕಳನ್ನು ಎಂಟನೆಯದಕ್ಕೆ ಸೇರಿಸಿಕೊಂಡು, ಅರವತ್ತನ್ನು ಮಾತ್ರ ಪರೀಕ್ಷೆಗೆ ಕೂಡ್ರಿಸಿ, ಅರವತ್ತೂ ಪಾಸಾದರೆ ಫಲಕದ ಮೇಲೆ ನೂರಕ್ಕೆ ನೂರೆಂದೇ ಬರೆಯಬಹುದು, ಸುಳ್ಳೂ ಅಲ್ಲ. ಉಳಿದ ನಾಲ್ವತ್ತು ಮಕ್ಕಳು ಇಂಥ ಬಿರುಕು ಗೋಡೆಯ ಶಾಲೆಗೆ ಬಂದು ಕುಳಿತು, ಅದರಲ್ಲಿ ಅರ್ಧ ಜನ ಪಾಸಾದರೂ, ಈ ಶಾಲೆಯ ಫಲಿತಾಂಶ ಕೆಳಗಿಳಿಯಿತೆಂದು ಇಲಾಖೆಯವರು ಕಾರಣ ಕೇಳುವರು. ಪಾಲಕರು ಕೇಳಬೇಕಾದ ಪ್ರಶ್ನೆ ಎಷ್ಟು ಮಂದಿ ಪಾಸಾದರೆಂಬದಲ್ಲ. ಎಂಟನೆಯದಕ್ಕೆ ಬಂದವರಲ್ಲಿ ಎಷ್ಟು ಮಂದಿ ಹತ್ತನೆಯ ಪರೀಕ್ಷೆಗೆ ಕುಳಿತರು, ಉಳಿದವರು ಎಲ್ಲಿ ಹೋದರು? ಈ ಪ್ರಶ್ನೆಯನ್ನು ಪೇಟೆಯ ಶಾಲೆಯಲ್ಲಿ ನಾನು ಕೇಳದೆ ಬಂದಿದ್ದೆನೆಂದು ಕೆಡುಕೆನಿಸಿತು.

ತಮ್ಮನು ರಜಿಸ್ಟರಿನ ಮೇಲೆ ಬಾಗಿ ಒಂದು ಹೆಸರಿನ ಮೇಲೆ ಬೆರಳಿಟ್ಟು, "ಇಂವ ನಮ್ಮ ಬಾಜೂ ಹೊಲದವರ ಹುಡುಗ" ಎಂದನು. ಆ ಹುಡುಗನ ತಂದೆಯು ಶುಲ್ಕಕ್ಕಾಗಿ ಎತ್ತು ಮಾರಿದ್ದನ್ನು ಅವನು ಬಲ್ಲನು. ಹುಡುಗನು ಶಾಲೆ ಬದಲಿಸಿದ್ದನ್ನು ಅರಿಯನು. ಮನೆಯವರು ಊರಿಗೆ ಹೇಳಿರಲಿಲ್ಲ.

ಹಾಗೆಂದು ಸರಕಾರಿ ಶಾಲೆಯ ಕೊರತೆಗಳನ್ನು ಮುಚ್ಚಿಡುವ ಇಚ್ಛೆ ನನಗಿಲ್ಲ. ಗಣಿತ ಮತ್ತು ಭೌತಶಾಸ್ತ್ರ ಕಲಿಸತಕ್ಕ ಶಿಕ್ಷಕರ ಹುದ್ದೆ—ಶಾಲೆಗಳಲ್ಲಿ ಪಿ.ಸಿ.ಎಂ. ಎನ್ನುವರು—ಹಿಂದಿನ ವರುಷ ವರ್ಗವಾದಂದಿನಿಂದ ಖಾಲಿ. ಪ್ರತಿವರುಷ ಅತಿಥಿ ಶಿಕ್ಷಕರನ್ನು ಗೌರವಧನದ ಮೇಲೆ ತೆಗೆದುಕೊಳ್ಳುವರು. ಆ ಅಪ್ಪಣೆ ಬಂದು ಅವರು ಬಂದು ಸೇರುವ ವರೆಗೆ ಜೂನ್ ತಿಂಗಳು ಗಣಿತವಿಲ್ಲದೆಯೇ ಕಳೆಯುವದು. ಹುದ್ದೆಗಳೆಷ್ಟೆಂದು ಕೇಳಿದರೆ ಸಾಲದು. ಯಾವ ವಿಷಯದ್ದು, ಯಾವ ತಿಂಗಳಿಂದ ಖಾಲಿಯೆಂದು ಕೇಳಬೇಕು. ಪ್ರಯೋಗಶಾಲೆಯ ಕಪಾಟಿನ ಬೀಗಕ್ಕೆ ತುಕ್ಕು ಹಿಡಿದಿರಲಿಲ್ಲ. ಇದು ಒಳ್ಳೆಯ ಗುರುತು. ಜೀವಶಾಸ್ತ್ರದ ಅಕ್ಕೋರು ಹತ್ತನೆಯವರಿಗೆ ಸುಣ್ಣದ ತಿಳಿನೀರಿನೊಳಗೆ ಕೊಳವೆಯಿಂದ ಊದಿಸಿ ಅದು ಬೆಳ್ಳಗಾಗುವದನ್ನು ತೋರಿಸುತ್ತಿದ್ದರು. ನಾವು ಬಾಗಿಲಲ್ಲಿ ನಿಂತದ್ದನ್ನು ಕಂಡೂ ಪಾಠ ನಿಲ್ಲಿಸಲಿಲ್ಲ. ಗ್ರಂಥಾಲಯವೆಂಬದು ಎರಡು ಕಪಾಟು. ಪುಸ್ತಕ ಕೊಟ್ಟ ವಹಿಯಲ್ಲಿ ಕಡೆಯ ನಮೂದು ಫೆಬ್ರುವರಿಯದು. ಪರೀಕ್ಷೆ ಹತ್ತಿರ ಬಂದಾಗ ಕತೆಯ ಪುಸ್ತಕ ಕೊಡುವದನ್ನು ನಿಲ್ಲಿಸುವರಂತೆ; ಇದು ನನಗೆ ಒಪ್ಪಿಗೆಯಾಗಲಿಲ್ಲ.

ಮಧ್ಯಾಹ್ನ ಬಿಸಿಯೂಟದ ಗಂಟೆಯಾಯಿತು. ಅನ್ನ, ಸಾರು, ಬೇಯಿಸಿದ ತತ್ತಿ. ತತ್ತಿ ತಿನ್ನದವರಿಗೆ ಬಾಳೆಹಣ್ಣು. ನಾವು ಕಾಗದಗಳಲ್ಲಿ ಮುಳುಗಿದ್ದಾಗ ಹುಡುಗಿ ಎಲ್ಲಿ ಹೋದಳೆಂದು ನೋಡಿದರೆ, ತಮ್ಮೂರಿನಿಂದ ಬರುವ ಒಂಬತ್ತನೆಯ ತರಗತಿಯ ಹುಡುಗಿಯರ ಸಂಗಡ ಪಡಸಾಲೆಯಲ್ಲಿ ಕುಳಿತಿದ್ದಳು. ಮರಳಿ ಬಂದು ನನ್ನ ಪಕ್ಕದಲ್ಲಿ ನಿಂತು ಮೆಲ್ಲಗೆ, "ದೊಡ್ಡಪ್ಪಾ, ಇಲ್ಲಿ ಹುಡುಗ್ಯಾರು ಮುಂಜಾನಿಂದ ನೀರ ಕುಡಿಯೂದಿಲ್ಲಂತ" ಎಂದಳು.

ನಾವಿಬ್ಬರು ಗಂಡಸರು ಎರಡು ತಾಸು ನೋಡಿದ್ದರಲ್ಲಿ ಇದೊಂದು ಕಂಡಿರಲಿಲ್ಲ. ಶೌಚಗೃಹಗಳಿವೆಯೇ ಎಂದು ಕೇಳಿದ್ದೆವು; ಇವೆಯೆಂದು ಹೇಳಿದ್ದರು; ಹುಡುಗಿಯರಿಗೆ ಬೇರೆಯಾಗಿಯೇ ಕಟ್ಟಿದ್ದು ದೂರದಿಂದ ಕಂಡಿದ್ದಿತು. ಬಾಗಿಲಿಗೆ ಬೀಗವಿದ್ದದ್ದು ಮಾತ್ರ ಕಂಡಿರಲಿಲ್ಲ. ಕೊಳವೆಬಾವಿಯ ಮೋಟರು ಏಪ್ರಿಲಿನಲ್ಲಿ ಸುಟ್ಟಿದ್ದಿತು. ಸವಳು ನೀರಾದರೂ ತೊಳೆಯುವದಕ್ಕೆ ಅದೇ ಆಧಾರ. ಅದಿಲ್ಲದೆ ಬಾಗಿಲು ತೆರೆದರೆ ಹೊಲಸಾಗುವದೆಂದು ಸಿಪಾಯಿಯು ಬೀಗ ಹಾಕಿದ್ದನು. ಹುಡುಗಿಯರು ಮುಂಜಾನೆ ಮನೆ ಬಿಟ್ಟು ಸಂಜೆ ಮನೆ ಸೇರುವ ವರೆಗೆ ತಡೆದುಕೊಳ್ಳುತ್ತಿದ್ದರು. ದೊಡ್ಡ ಹುಡುಗಿಯರು ತಿಂಗಳಲ್ಲಿ ನಾಲ್ಕು ದಿನ ಬರುತ್ತಲೇ ಇರಲಿಲ್ಲ. ಹಾಜರಿಯ ಪುಸ್ತಕವನ್ನು ನಾನು ಆಗ ತೆರೆದು ನೋಡಿದೆನು. ಮೋಟರು ಸುಟ್ಟದ್ದು ಅದರಲ್ಲಿ ಬರೆದಂತೆಯೇ ಇದ್ದಿತು.

ಹೆಡ್‌ಮಾಸ್ತರರ ಮುಖ ಬಾಡಿತು. ಪತ್ರ ಬರೆದಿರುವೆನು, ಹಣ ಮಂಜೂರಾಗಿ ಬರಬೇಕು ಎಂದರು. ಪತ್ರದ ಪ್ರತಿಯನ್ನೂ ತೋರಿಸಿದರು, ನಿಜವಾಗಿಯೂ ಬರೆದಿದ್ದರು. ತಮ್ಮನು ಅಷ್ಟು ಹೊತ್ತು ಸುಮ್ಮನಿದ್ದವನು ಕೇಳಿದನು: "ಎಷ್ಟ ಎಚ್.ಪಿ. ಮೋಟರ್ರೀ ಸರ ಅದು?" ಒಕ್ಕಲಿಗನಿಗೆ ಮೋಟರೆಂದರೆ ಎತ್ತಿನಂತೆ, ಬೇನೆ ಬಂದರೆ ಕಾಯುತ್ತ ಕೂಡ್ರುವಂಥದಲ್ಲ. ನವಲಗುಂದದಲ್ಲಿ ತನಗೆ ಪರಿಚಯದ ವೈಂಡಿಂಗಿನವನಿರುವನೆಂದೂ, ಖರ್ಚನ್ನು ನಾಲ್ಕು ಊರಿನ ಪಾಲಕರು ಹಂಚಿಕೊಂಡರೆ ತಲೆಗೆ ಎಷ್ಟೂ ಬೀಳದೆಂದೂ ಹೇಳಿದನು. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೆಂಬದು ಇಂಥ ಕೆಲಸಕ್ಕಾಗಿಯೇ ಇರುವದು. ಪಾಲಕರೇ ಅದರ ಸದಸ್ಯರು. ಹೊರಗಿನ ಹಳ್ಳಿಗಳವರು ಸಭೆಗೆ ಬರುವದಿಲ್ಲವೆಂಬದು ಹೆಡ್‌ಮಾಸ್ತರರ ದೂರು. ಸಭೆಯ ಸುದ್ದಿ ತಮಗೆ ಮುಟ್ಟುವದಿಲ್ಲವೆಂಬದು ತಮ್ಮನ ದೂರು. ಎರಡೂ ನಿಜವಿರಬೇಕು.

ಅಂಗಳಕ್ಕೆ ಬಂದು ಸ್ವಲ್ಪ ಹೊತ್ತು ನಿಂತೆವು. ತಮ್ಮನು ನನ್ನನ್ನು ಕೇಳಲಿಲ್ಲ, ಮಗಳನ್ನು ಕೇಳಿದನು. ಆಕೆ, "ಇಲ್ಲೇ ಆಗಲಿ. ಆ ಸಾಲ್ಯಾಗ ಗಣಿತ ಬರದಿದ್ರ ಮತ್ತ ಇಲ್ಲಿಗೇ ಬರಬೇಕಲ್ಲ" ಎಂದಳು. ರಜಿಸ್ಟರಿನ ಮಾತನ್ನು ಆಕೆ ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದಳೆಂದು ಆಗ ತಿಳಿಯಿತು.

ಪ್ರವೇಶದ ಕೆಲಸ ಅರ್ಧ ತಾಸಿನಲ್ಲಿ ಮುಗಿಯಿತು. ವರ್ಗಾವಣೆ ಪತ್ರ, ಏಳನೆಯ ತರಗತಿಯ ಅಂಕಪಟ್ಟಿ, ಆಧಾರ್ ಪ್ರತಿ, ಸ್ಯಾಟ್ಸ್ ಎಂಬ ವಿದ್ಯಾರ್ಥಿ ಸಂಖ್ಯೆ, ವಿದ್ಯಾರ್ಥಿವೇತನಕ್ಕಾಗಿ ಜಾತಿ ಆದಾಯದ ಪ್ರಮಾಣಪತ್ರ, ಬ್ಯಾಂಕಿನ ಪಾಸುಪುಸ್ತಕ: ಇಷ್ಟೆ. ಜಾತಿ ಆದಾಯದ ಪತ್ರ ಕೈಯಲ್ಲಿಲ್ಲದವರೂ ಸೇರಿ ಹಿಂದಿನಿಂದ ತಂದುಕೊಡಬಹುದು. ವರ್ಗಾವಣೆ ಪತ್ರ ತಡವಾಯಿತೆಂದು ಎಂಟನೆಯದಕ್ಕೆ ಪ್ರವೇಶ ನಿಲ್ಲಿಸಕೂಡದೆಂಬದನ್ನು ಪಾಲಕರು ನೆನಪಿನಲ್ಲಿಡುವದು ಒಳ್ಳೆಯದು. ಮಗುವಿನ ಹೆಸರು, ಹುಟ್ಟಿದ ತಾರೀಖು ಇವು ಎಲ್ಲ ಕಾಗದಗಳಲ್ಲಿ ಒಂದೇ ಆಗಿವೆಯೇ ಎಂದು ಮಾತ್ರ ಅಂದೇ ನೋಡಬೇಕು. ಹತ್ತನೆಯ ಪರೀಕ್ಷೆಯ ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದ ಹೆಸರನ್ನು ತಿದ್ದಿಸುವದು ಎಂಥ ತಾಪತ್ರಯವೆಂಬದನ್ನು ನನ್ನ ನೌಕರಿಯಲ್ಲಿ ಕಂಡಿರುವೆನು. ಪಠ್ಯಪುಸ್ತಕಗಳನ್ನು ಅಲ್ಲಿಯೇ ಕೊಟ್ಟರು, ಹಣವಿಲ್ಲದೆ. ಗಣಿತದ ಪುಸ್ತಕವನ್ನು ಹುಡುಗಿ ಎಲ್ಲಕ್ಕೂ ಮೇಲಿಟ್ಟುಕೊಂಡಳು.

ನಾಲ್ಕೂವರೆಯ ಬಸ್ಸು ಬರಲಿಲ್ಲ. ಐದು ಗಂಟೆಗೆ ಹುಡುಗಿಯರ ಗುಂಪು ನಡೆಯತೊಡಗಿತು. ನಾವೂ ಹಿಂದಿನಿಂದ ಹೊರಟೆವು. ಹೊಲಗಳಲ್ಲಿ ಕೂರಿಗೆ ಹಿಡಿದು ಹೆಸರು ಬಿತ್ತುತ್ತಿದ್ದರು. ರಸ್ತೆ ಬಿಟ್ಟು ಅಡ್ಡದಾರಿಗೆ ಇಳಿದ ಕೂಡಲೆ ಎರೆಮಣ್ಣು ಚಪ್ಪಲಿಗೆ ಮೆತ್ತಿ ಹೆಜ್ಜೆ ಹೆಜ್ಜೆಗೂ ಭಾರವಾಯಿತು. ಹುಡುಗಿಯರೆಲ್ಲ ಅವನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದರು. ಎಂಟನೆಯದರಲ್ಲಿ ಬಂದವರು, ಹತ್ತನೆಯದರಲ್ಲಿದ್ದವರು ಒಟ್ಟಿಗೆ ಹೋಗುತ್ತಿದ್ದರು. ದೊಡ್ಡವಳೊಬ್ಬಳು ನಮ್ಮ ಹುಡುಗಿಗೆ ಅಕ್ಕೋರುಗಳ ಸ್ವಭಾವವನ್ನು ಒಬ್ಬೊಬ್ಬರಾಗಿ ಹೇಳಿಕೊಡುತ್ತಿದ್ದಳು.

ಮೋಟರು ಎಂಟು ದಿನಗಳಲ್ಲಿ ಓಡಿತೆಂದು ತಮ್ಮನು ತಿಳಿಸಿದನು. ಗಣಿತದ ಅತಿಥಿ ಶಿಕ್ಷಕಿ ಜುಲೈ ತಿಂಗಳ ಎರಡನೆಯ ವಾರಕ್ಕೆ ಬಂದರು. ನವಲಗುಂದದಿಂದ ದಿನಾಲು ಬರುವರಂತೆ, ಅದೇ ಎಂಟೂವರೆಯ ಬಸ್ಸಿಗೆ.